ಮನೆಯ ಶೆಡ್ಡಿಗೆ ವೆಲ್ಡಿಂಗ್ ಮಷೀನ್: ಮೊದಲು ಗೋಡೆಯ ಪ್ಲಗ್, ಆಮೇಲೆ ಅಂಗಡಿ

ಐದಾರು ಕೆ.ಜಿ. ತೂಗುವ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಈಗ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹತ್ತು ಸಾವಿರ ರೂಪಾಯಿ ಒಳಗೆ ಬೇಕಾದಷ್ಟು ಮಾದರಿಗಳಿವೆ. ಡಬ್ಬದ ಮೇಲೆ ಬೆಸುಗೆಯ ಆಂಪ್ 200, 250, 300 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕೊಳ್ಳಲು ಹೋದವರು ಆ ಅಂಕಿ ನೋಡಿಯೇ ಆರಿಸುತ್ತಾರೆ. ನಮ್ಮ ಮನೆ ಪಕ್ಕದ ಶೆಡ್ಡಿಗೆ ಮಷೀನ್ ತರುವಾಗ ನಾನು ಆ ಅಂಕಿಯನ್ನು ಕೊನೆಗೆ ನೋಡಿದೆ. ಮೊದಲು ನೋಡಿದ್ದು ಮಾಡಬೇಕಾದ ಕೆಲಸ, ಆಮೇಲೆ ಗೋಡೆಯ ಪ್ಲಗ್ ಪಾಯಿಂಟು. ಹಾಗೆ ತಂದ ಮಷೀನಿನಲ್ಲಿ ಮೊದಲು ಮಾಡಿದ್ದು ಒಂದು ಕಬ್ಬಿಣದ ಕೆಲಸದ ಮೇಜು. ಆರಿಸಿದ ಲೆಕ್ಕ, ಮೇಜಿನ ಅಳತೆ ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮಾಡುವ ಕೆಲಸ ಯಾವುದು?

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟದ ಮನೆ. ಇಲ್ಲಿ ಕಬ್ಬಿಣದ ಕೆಲಸ ವರ್ಷವಿಡೀ ಇದ್ದೇ ಇರುತ್ತದೆ. ಗೇಟಿನ ಹಿಂಜು ಕಿತ್ತು ಬರುತ್ತದೆ. ಕಾಯಿ ಸುಲಿಯುವ ಸ್ಟ್ಯಾಂಡಿನ ಬುಡ ಬಿರುಕು ಬಿಡುತ್ತದೆ. ಕೊಟ್ಟಿಗೆಯ ಶೀಟಿಗೆ ಪೈಪಿನ ಆಸರೆ ಬೇಕು, ಸ್ಟಾರ್ಟರ್ ಪೆಟ್ಟಿಗೆಗೆ ಫ್ರೇಮು ಬೇಕು. ಒಂದೊಂದು ಸಲವೂ ಗ್ರಿಲ್ ಅಂಗಡಿಗೆ ಹೊತ್ತುಕೊಂಡು ಹೋಗಬೇಕು. ಅಲ್ಲಿ ದೊಡ್ಡ ಆರ್ಡರ್ ನಡೆಯುತ್ತಿದ್ದರೆ ನಮ್ಮ ಎರಡಿಂಚಿನ ಬೆಸುಗೆಗೆ ಕಾಯಲೇಬೇಕು. ಅದು ಅವರ ತಪ್ಪಲ್ಲ.

ಈ ಕೆಲಸಗಳ ಕಬ್ಬಿಣ ಎಷ್ಟು ದಪ್ಪ ಅಂತ ವರ್ನಿಯರ್ ಹಿಡಿದು ನೋಡಿದೆ. ಚೌಕ ಪೈಪು 16 ಗೇಜ್ ಅಂದರೆ 1.6 ಮಿ.ಮೀ., 14 ಗೇಜ್ ಅಂದರೆ 2 ಮಿ.ಮೀ. ಆ್ಯಂಗಲ್‌ಗಳು 3ರಿಂದ 5 ಮಿ.ಮೀ. ಎಲ್ಲಕ್ಕಿಂತ ದಪ್ಪ ಎಂದರೆ 6 ಮಿ.ಮೀ. ಪ್ಲೇಟು, ಅದೂ ಅಪರೂಪಕ್ಕೆ. ಇಷ್ಟಕ್ಕೂ 2.5 ಮಿ.ಮೀ. ರಾಡು, ಅಂದರೆ ಕರಗಿ ಬೆಸುಗೆಯಾಗುವ ಕಡ್ಡಿ, ಸಾಕು. ಅಂಗಡಿಯಲ್ಲಿ ಇದನ್ನು 12 ನಂಬರ್ ಅನ್ನುತ್ತಾರೆ. ಇದಕ್ಕೆ 60ರಿಂದ 90 ಆಂಪ್ ಬೇಕು. ದಪ್ಪ ಪ್ಲೇಟಿಗೆ 3.15 ಮಿ.ಮೀ. ರಾಡು, ಅಂದರೆ 10 ನಂಬರ್, ಹಾಕಿದರೆ 90ರಿಂದ 130 ಆಂಪ್.

ಅಂದರೆ ನನ್ನ ತೋಟ, ಮನೆ, ಶೆಡ್ಡು ಎಲ್ಲ ಸೇರಿದರೂ 130 ಆಂಪ್ ದಾಟುವುದಿಲ್ಲ. ದಿನದ ಕೆಲಸ 80ರ ಆಸುಪಾಸಿನಲ್ಲೇ ಮುಗಿಯುತ್ತದೆ. 300 ಆಂಪ್‌ಗೆ ಇಲ್ಲಿ ಕೆಲಸವೇ ಇಲ್ಲ.

ರಾಡಿನ ಬದಲು ತಂತಿ ತಾನಾಗಿ ಬರುವ ಮಿಗ್ ಮಷೀನ್ ತಗೋಬಹುದಲ್ವಾ ಎಂದು ಗೆಳೆಯರು ಕೇಳಿದರು. ಮಿಗ್ ಒಳ್ಳೆಯದೇ. ತೆಳು ಶೀಟಿಗೆ, ಗಾಡಿಯ ಬಾಡಿ ಕೆಲಸಕ್ಕೆ ಅದೇ ಸರಿ. 1 ಮಿ.ಮೀ. ತಗಡಿಗೆ ರಾಡು ಮುಟ್ಟಿಸಿದರೆ ತೂತು ಬೀಳುವುದೇ ಜಾಸ್ತಿ. ಆದರೆ ಗ್ಯಾಸ್ ಮಿಗ್‌ಗೆ ಸಿಲಿಂಡರ್ ಬೇಕು, ರೆಗ್ಯುಲೇಟರ್ ಬೇಕು. ನಮ್ಮ ಶೆಡ್ಡಿಗೆ ಎರಡು ಕಡೆ ಗೋಡೆಯಿಲ್ಲ. ಗಾಳಿ ಬೀಸಿದರೆ ಬೆಸುಗೆಯ ಮೇಲಿನ ಗ್ಯಾಸ್ ಹಾರಿಹೋಗುತ್ತದೆ, ಒಳಗೆ ಗುಳ್ಳೆ ಉಳಿಯುತ್ತದೆ. ಗ್ಯಾಸಿಲ್ಲದ ಫ್ಲಕ್ಸ್ ತಂತಿ ಬರುತ್ತದೆ ನಿಜ, ಆದರೆ ಅದು ದುಬಾರಿ. ಭಾನುವಾರ ಸಂಜೆ ತಂತಿ ಮುಗಿದರೆ ನಮ್ಮೂರಲ್ಲಿ ಸಿಗುವುದಿಲ್ಲ. ರಾಡು ಮಾತ್ರ ಬಸ್ ನಿಲ್ಲುವ ಪ್ರತಿ ಊರಿನಲ್ಲೂ ಸಿಗುತ್ತದೆ. ಟಿಗ್ ಎಂಬ ಇನ್ನೊಂದು ಬಗೆ ಇದೆ, ಅದು ಸ್ಟೀಲ್ ಪಾತ್ರೆ, ಸ್ಟೇನ್‌ಲೆಸ್ ರೇಲಿಂಗ್ ಮಾಡುವವರ ಮಷೀನು. ನನಗೆ ರಾಡಿನದೇ ಸಾಕು ಎಂದು ತೀರ್ಮಾನಿಸಿದೆ.

ಹಳೇ ಟ್ರಾನ್ಸ್‌ಫಾರ್ಮರ್ ಮಷೀನಿನ ಮಾತು

ಗ್ರಿಲ್ ಅಂಗಡಿಯ ಮೇಸ್ತ್ರಿ ತಮ್ಮ ಹಳೇ ಮಷೀನ್ ಕೊಡಲು ಮುಂದೆ ಬಂದರು. ತಾಮ್ರದ ಸುತ್ತು, ಚಕ್ರ ಇರುವ ದೊಡ್ಡ ಪೆಟ್ಟಿಗೆ. ಬೆಲೆಯೂ ಕಡಿಮೆ. ಜೊತೆಗೆ ಒಂದು ಮಾತನ್ನೂ ಹೇಳಿದರು: "ಸಾರ್, ಮನೆ ಲೈನಿಗೆ ಹಾಕಿದ್ರೆ ಬೀದಿಯವರೆಲ್ಲ ಬಂದು ನಿಮ್ಮನ್ನ ಕೇಳ್ತಾರೆ. ನಾವು ಇದನ್ನ ಎರಡು ಫೇಸಲ್ಲಿ ಓಡಿಸೋದು."

ಅವರು ಹೇಳಿದ್ದು ಪೂರ್ತಿ ಸರಿ. ಟ್ರಾನ್ಸ್‌ಫಾರ್ಮರ್ ಮಷೀನ್ ಖಾಲಿ ಇದ್ದಾಗ ರಾಡು ಹಿಡಿಯುವ ಹೋಲ್ಡರಿನಲ್ಲಿ ಸುಮಾರು 70 ವೋಲ್ಟ್ ಇರುತ್ತದೆ. ಉರಿಯುವಾಗ ಅದು 24ಕ್ಕೆ ಇಳಿಯುತ್ತದೆ. ಆದರೆ ಗೋಡೆಯಿಂದ ಎಳೆಯುವ ಕರೆಂಟು 70 ವೋಲ್ಟಿನ ಲೆಕ್ಕದಲ್ಲೇ ಬೀಳುತ್ತದೆ. 100 ಆಂಪ್‌ನಲ್ಲಿ ಬೆಸೆದರೆ 70 ಗುಣಿಸು 100, ಅಂದರೆ 7,000 ವೋಲ್ಟ್-ಆಂಪ್. ಅದನ್ನು 230ರಿಂದ ಭಾಗಿಸಿದರೆ 30 ಆಂಪ್. ಅದೇ ಬೆಸುಗೆಗೆ ಇನ್ವರ್ಟರ್ ಮಷೀನ್ 17-18 ಆಂಪ್ ಎಳೆಯುತ್ತದೆ. 415 ವೋಲ್ಟಿನ ಎರಡು ಫೇಸು ಇರುವ ಅಂಗಡಿಯಲ್ಲಿ ಈ 30 ಆಂಪ್ 17ಕ್ಕೆ ಇಳಿಯುವುದರಿಂದ ಅವರಿಗೆ ನಡೆಯುತ್ತದೆ. ಒಂದೇ ಫೇಸಿನ ಮನೆಗೆ ನಡೆಯುವುದಿಲ್ಲ.

ಹಳೇ ಮಷೀನಿನ ಗುಣ ಹೇಳದಿದ್ದರೆ ತಪ್ಪಾಗುತ್ತದೆ. ಅದರಲ್ಲಿ ಕೆಡುವ ವಸ್ತುವೇ ಕಡಿಮೆ. ಧೂಳು, ಹಲ್ಲಿ, ಇರುವೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಇನ್ವರ್ಟರಿನ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ. 230 ವೋಲ್ಟ್ ಎ.ಸಿ.ಯನ್ನು ಮೊದಲು ಸುಮಾರು 325 ವೋಲ್ಟ್ ಡಿ.ಸಿ. ಮಾಡುತ್ತದೆ. ಐ.ಜಿ.ಬಿ.ಟಿ. ಎಂಬ ಬಿಡಿಭಾಗ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತದೆ. ಅಷ್ಟು ವೇಗವಾಗಿ ಬದಲಾಗುವ ಕರೆಂಟಿಗೆ ಅಂಗೈ ಅಗಲದ ಟ್ರಾನ್ಸ್‌ಫಾರ್ಮರ್ ಸಾಕು. ಅರ್ಧ ಮೂಟೆ ಸಿಮೆಂಟಿಗಿಂತ ಭಾರದ ಮಷೀನು ಐದು ಕೆ.ಜಿ.ಗೆ ಇಳಿದದ್ದು ಹೀಗೆ.

ಗೋಡೆಯ ಪಾಯಿಂಟು ಎಷ್ಟು ಕೊಡುತ್ತದೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇದು. ಕೊಳ್ಳುವ ಮುಂಚೆ ಯಾರೂ ಇದನ್ನು ಮಾಡುವುದಿಲ್ಲ.

ರಾಡಿನ ಬೆಸುಗೆಯಲ್ಲಿ ಕಿಡಿಯ ವೋಲ್ಟಿಗೆ ಒಂದು ಸರಳ ಸೂತ್ರ ಇದೆ. 20ಕ್ಕೆ ಆಂಪಿನ 0.04 ಪಾಲು ಸೇರಿಸಬೇಕು. 100 ಆಂಪ್‌ಗೆ 24 ವೋಲ್ಟ್, 200 ಆಂಪ್‌ಗೆ 28 ವೋಲ್ಟ್. ವೋಲ್ಟ್ ಗುಣಿಸು ಆಂಪ್ ಅಂದರೆ ವ್ಯಾಟ್. ಹಾಗಾಗಿ 100 ಆಂಪ್ ಬೆಸುಗೆಗೆ 2,400 ವ್ಯಾಟ್ ಬೇಕು. ಎಳೆದದ್ದರಲ್ಲಿ ಮಷೀನಿನೊಳಗೆ ಬಿಸಿಯಾಗಿ ಹೋಗುವುದು ನೂರಕ್ಕೆ ಸುಮಾರು 15 ಪಾಲು. ಜೊತೆಗೆ ಈ ಸಣ್ಣ ಇನ್ವರ್ಟರ್‌ಗಳು ಕರೆಂಟನ್ನು ಸಮವಾಗಿ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆಯುತ್ತವೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ವೋಲ್ಟ್-ಆಂಪಿನಲ್ಲಿ ನಿಜವಾದ ವ್ಯಾಟ್ ಆಗುವ ಪಾಲು, 0.7ರ ಆಸುಪಾಸು ಇರುತ್ತದೆ. ಎರಡನ್ನೂ ಲೆಕ್ಕ ಹಾಕಿದರೆ 100 ಆಂಪ್ ಬೆಸುಗೆಗೆ ಗೋಡೆಯಿಂದ ಸುಮಾರು 17.5 ಆಂಪ್ ಬೇಕು.

ತಿರುಗಿಸಿ ನೋಡಿದರೆ ಇನ್ನೂ ಉಪಯೋಗ. ಗೀಸರ್ ಹಾಕುವ 16 ಆಂಪ್ ಪ್ಲಗ್ಗಿನಿಂದ ನಿರಂತರವಾಗಿ ಸಿಗುವ ಬೆಸುಗೆ ಕರೆಂಟು ಸುಮಾರು 90 ಆಂಪ್. 20 ಆಂಪ್ ಪಾಯಿಂಟಿನಿಂದ ಸುಮಾರು 110 ಆಂಪ್. ಡಬ್ಬದ ಮೇಲೆ 300 ಅಂತ ಬರೆದಿದ್ದರೂ ಗೋಡೆ ಕೊಡುವುದು ಇಷ್ಟೇ. 12 ನಂಬರ್ ರಾಡಿಗೆ 16 ಆಂಪ್ ಪ್ಲಗ್ ಸರಿಹೋಗುತ್ತದೆ. 10 ನಂಬರ್ ರಾಡನ್ನೂ ಸುಡಬೇಕಾದರೆ 20 ಆಂಪ್ ಪಾಯಿಂಟ್ ಬೇಕು. ಫೋನ್ ಚಾರ್ಜ್ ಮಾಡುವ 6 ಆಂಪ್ ಪ್ಲಗ್ಗಿಗೆ ಇದನ್ನು ಹಾಕಲೇಬಾರದು.

ಅಂಕಿ ಸರಿಯಿದ್ದರೂ ತಂತಿ ಸರಿಯಿರಬೇಕಲ್ಲ. ಅದಕ್ಕೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಶೆಡ್ಡಿನ ಪಾಯಿಂಟಿಗೆ ಮಲ್ಟಿಮೀಟರ್ ಹಿಡಿದು ವೋಲ್ಟ್ ನೋಡಿ. ಆಮೇಲೆ ಅದೇ ಬೋರ್ಡಿನಲ್ಲಿ 2,000 ವ್ಯಾಟಿನ ಗೀಸರ್ ಅಥವಾ ನೀರು ಕಾಯಿಸುವ ಕಾಯಿಲ್ ಹಾಕಿ ಮತ್ತೆ ನೋಡಿ. 2,000 ವ್ಯಾಟ್ ಎಂದರೆ ಸುಮಾರು 8.7 ಆಂಪ್. ವೋಲ್ಟ್ ನಾಲ್ಕೈದು ಇಳಿದರೆ ಪರವಾಗಿಲ್ಲ. ಹತ್ತಕ್ಕಿಂತ ಜಾಸ್ತಿ ಇಳಿದರೆ ಎಲ್ಲೋ ತಂತಿ ಸಣ್ಣದಿದೆ, ಇಲ್ಲವೇ ಜಾಯಿಂಟ್ ಸಡಿಲ ಇದೆ. ವೆಲ್ಡಿಂಗಿಗೆ ಅದರ ಎರಡರಷ್ಟು ಕರೆಂಟ್ ಹರಿಯುತ್ತದೆ, ಇಳಿತವೂ ಎರಡರಷ್ಟಾಗುತ್ತದೆ. ಆ ಜಾಯಿಂಟ್ ಕಾದು ಕರಗುತ್ತದೆ.

ನಮ್ಮ ಶೆಡ್ಡಿನ ಹಳೇ ಪಾಯಿಂಟಿನಲ್ಲಿ ಇಳಿತ ಹತ್ತು ದಾಟಿತ್ತು. ಬಲ್ಬಿಗೆಂದು ಎಳೆದ ಸಣ್ಣ ತಂತಿಯದು. ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. "ಅಣ್ಣ, ಏಸಿಗೆ ಹಾಕೋ ಬಾಕ್ಸೇ ಹಾಕ್ಬಿಡೋಣ, ಪ್ಲಗ್ಗೂ ಮೆಟಲ್ದೇ ಬರುತ್ತೆ" ಎಂದ. ಒಳ್ಳೇ ಸಲಹೆ. ಮೇನ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ. ತಾಮ್ರದ ತಂತಿ ಬೇರೆಯಾಗಿ ಎಳೆಸಿದೆವು. ಭಾರ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು 20 ಆಂಪ್ ಎಂ.ಸಿ.ಬಿ., ಅದೂ ಸಿ ಕರ್ವಿನದು. ಇನ್ವರ್ಟರ್ ಆನ್ ಮಾಡಿದ ತಕ್ಷಣ ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳಲು ಒಂದು ಕ್ಷಣ ಜೋರಾಗಿ ಎಳೆಯುತ್ತವೆ. ಬಿ ಕರ್ವಿನ ಎಂ.ಸಿ.ಬಿ. ಆಗಲೇ ಬಿದ್ದುಬಿಡಬಹುದು. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್.ಸಿ.ಸಿ.ಬಿ. ಮನೆಗೆ ಮೊದಲೇ ಇತ್ತು. ಇಲ್ಲದವರು ಇದೇ ನೆಪದಲ್ಲಿ ಹಾಕಿಸಿಕೊಳ್ಳಿ. ಅರ್ಥಿಂಗ್ ಗುಂಡಿಗೂ ನೀರು ಹಾಕಿ ನೋಡಿದೆವು. ಹೊಸ ಪಾಯಿಂಟಿನಲ್ಲಿ ಅದೇ ಕಾಯಿಲ್ ಹಾಕಿದಾಗ ಇಳಿತ ಮೂರು ವೋಲ್ಟಿಗೆ ಬಂತು.

ಎಕ್ಸ್‌ಟೆನ್ಷನ್ ವೈರ್ ಬಗ್ಗೆ ಒಂದು ಮಾತು. ಗೇಟಿನ ಹತ್ತಿರ ಕೆಲಸ ಮಾಡಲು 20 ಮೀಟರ್ ಬೇಕಾಗುತ್ತದೆ. 1 ಚದರ ಮಿ.ಮೀ. ವೈರಾದರೆ 18 ಆಂಪ್‌ಗೆ 14 ವೋಲ್ಟ್ ಅದರಲ್ಲೇ ಹೋಗುತ್ತದೆ. 2.5 ಚದರ ಮಿ.ಮೀ. ಆದರೆ ಐದಾರು ವೋಲ್ಟ್. ಸುತ್ತಿಟ್ಟ ಸುರುಳಿ ಹಾಗೆಯೇ ಇರುವಾಗ ಬೆಸೆಯಬೇಡಿ, ವೈರ್ ಒಳಗೊಳಗೇ ಕಾಯುತ್ತದೆ. ಪೂರ್ತಿ ಬಿಚ್ಚಿ ಹಾಸಿ.

ಪಂಪ್‌ಸೆಟ್ ಲೈನಿನಿಂದ ವೆಲ್ಡಿಂಗ್ ಮಾಡುವವರನ್ನು ನೋಡಿದ್ದೇನೆ. ಅದು ನೀರೆತ್ತಲು ಸರ್ಕಾರ ಕೊಟ್ಟ ಲೈನು, ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ಅಲ್ಲಿ ಎರಡು ಫೇಸಿನ ನಡುವೆ 415 ವೋಲ್ಟ್ ಇರುತ್ತದೆ. 230ರ ಇನ್ವರ್ಟರನ್ನು ಅದಕ್ಕೆ ಕೊಟ್ಟರೆ ಬೋರ್ಡ್ ಒಂದೇ ಕ್ಷಣದಲ್ಲಿ ಹೋಗುತ್ತದೆ.

ಡಬ್ಬ ಬಿಡಿ, ಹಿಂದಿನ ಪ್ಲೇಟು ಓದಿ

ಮಷೀನಿನ ಹಿಂದೆಯೋ ಅಡಿಯಲ್ಲೋ ಒಂದು ಪ್ಲೇಟು ಇರುತ್ತದೆ. ನಿಜವಾದ ಮಾಹಿತಿ ಅದರಲ್ಲಿದೆ. ಎಕ್ಸ್ ಎಂಬ ಸಾಲಿನಲ್ಲಿ ಶೇಕಡಾ ಇರುತ್ತದೆ, ಅದು ಡ್ಯೂಟಿ ಸೈಕಲ್. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆ ಆಂಪ್‌ನಲ್ಲಿ ಬೆಸೆಯಬಹುದು ಅನ್ನುವ ಲೆಕ್ಕ. 40 ಅಂದರೆ ನಾಲ್ಕು ನಿಮಿಷ ಬೆಸುಗೆ, ಆರು ನಿಮಿಷ ವಿಶ್ರಾಂತಿ. ಇದರ ಕೆಳಗೆ ಐ2 ಎಂಬಲ್ಲಿ ಆಂಪ್, ಯು2 ಎಂಬಲ್ಲಿ ವೋಲ್ಟ್. ಐ1 ಮ್ಯಾಕ್ಸ್ ಅಂದರೆ ಗೋಡೆಯಿಂದ ಎಳೆಯುವ ಗರಿಷ್ಠ ಕರೆಂಟು. ಐ1 ಎಫ್ ಅಂದರೆ ವಿಶ್ರಾಂತಿಯನ್ನೂ ಸೇರಿಸಿ ತಂತಿಗೆ ಬೀಳುವ ಸರಾಸರಿ ಭಾರ. ನಿಮ್ಮ ಪಾಯಿಂಟಿಗೆ ಹೋಲಿಸಬೇಕಾದದ್ದು ಈ ಐ1 ಎಫ್.

ಪ್ಲೇಟು ಸುಳ್ಳು ಹೇಳುತ್ತಿದೆಯಾ ಅಂತ ಕಂಡುಹಿಡಿಯುವುದೂ ಸುಲಭ. ಐ2 ಮತ್ತು ಯು2 ಗುಣಿಸಿ. ಐ1 ಮ್ಯಾಕ್ಸನ್ನು 230ರಿಂದ ಗುಣಿಸಿ. ಹೊರಗೆ ಬರುವುದು ಒಳಗೆ ಹೋಗುವುದಕ್ಕಿಂತ ಜಾಸ್ತಿ ಇದ್ದರೆ ಆ ಪ್ಲೇಟನ್ನು ನಂಬಬೇಡಿ. 200 ಆಂಪ್, 28 ವೋಲ್ಟ್ ಅಂದರೆ 5,600 ವ್ಯಾಟ್. ಐ1 ಮ್ಯಾಕ್ಸ್ 20 ಆಂಪ್ ಅಂತ ಬರೆದಿದ್ದರೆ ಒಳಗೆ ಹೋಗುವುದೇ 4,600. ಇದು ಆಗದ ಮಾತು. ನಿಜವಾಗಿ 200 ಆಂಪ್ ಕೊಡುವ ಇಂಥ ಮಷೀನು ಗೋಡೆಯಿಂದ 40 ಆಂಪ್ ಹತ್ತಿರ ಎಳೆಯುತ್ತದೆ. ಅಂಗಡಿಯಲ್ಲಿ ಫೋನಿನ ಕ್ಯಾಲ್ಕುಲೇಟರ್ ತೆಗೆದು ಎರಡು ಗುಣಾಕಾರ ಮಾಡಿದರೆ ಅರ್ಧದಷ್ಟು ಮಾದರಿಗಳು ಅಲ್ಲೇ ಪಕ್ಕಕ್ಕೆ ಸರಿಯುತ್ತವೆ.

ಬೆಂಗಳೂರಿಗೆ ಹೋದಾಗ ಎಸ್.ಜೆ.ಪಿ. ರೋಡಿನ ಅಂಗಡಿಗಳಲ್ಲಿ ಪ್ಲೇಟುಗಳನ್ನು ಓದುತ್ತಾ ಹೋದೆ. ಕೊನೆಗೆ ಆರಿಸಿದ ಮಷೀನಿನ ಪ್ಲೇಟು ಹೀಗಿತ್ತು: 40 ಶೇಕಡಾಕ್ಕೆ 160 ಆಂಪ್, 26.4 ವೋಲ್ಟ್. 100 ಶೇಕಡಾಕ್ಕೆ 100 ಆಂಪ್. ಐ1 ಮ್ಯಾಕ್ಸ್ 31, ಐ1 ಎಫ್ 20. ಹೊರಗೆ 4,224 ವ್ಯಾಟ್, ಒಳಗೆ 7,130 ವೋಲ್ಟ್-ಆಂಪ್. ಲೆಕ್ಕ ಕೂಡುತ್ತದೆ. 100 ಆಂಪ್‌ನಲ್ಲಿ ಇಡೀ ದಿನ ನಿಲ್ಲಿಸದೆ ಓಡಿದರೂ ತೊಂದರೆಯಿಲ್ಲ. 20 ಆಂಪ್ ಪಾಯಿಂಟಿಗೂ ಸರಿ. ಪಕ್ಕದಲ್ಲಿ 250 ಅಂತ ಬರೆದಿದ್ದ ಇನ್ನೊಂದು ಮಷೀನ್ ಇದಕ್ಕಿಂತ ಅಗ್ಗಕ್ಕಿತ್ತು. ಅದರ ಮೇಲೆ ಪ್ಲೇಟೇ ಇರಲಿಲ್ಲ, ಸ್ಟಿಕ್ಕರ್ ಮಾತ್ರ.

ಹಾಟ್ ಸ್ಟಾರ್ಟ್, ಆ್ಯಂಟಿ ಸ್ಟಿಕ್ ಅಂತ ಹೆಸರುಗಳಿರುತ್ತವೆ. ಮೊದಲನೆಯದು ರಾಡು ಹತ್ತಿಕೊಳ್ಳುವಾಗ ಸ್ವಲ್ಪ ಜಾಸ್ತಿ ಕರೆಂಟ್ ಕೊಡುತ್ತದೆ. ಎರಡನೆಯದು ರಾಡು ಅಂಟಿಕೊಂಡಾಗ ಕರೆಂಟ್ ಇಳಿಸುತ್ತದೆ. ಹೊಸಬರಿಗೆ ಎರಡೂ ಒಳ್ಳೆಯವು. ಅದಕ್ಕಿಂತ ಮುಖ್ಯ ಒಂದೇ ಪ್ರಶ್ನೆ: ಬೋರ್ಡ್ ಕೆಟ್ಟರೆ ಎಲ್ಲಿ ರಿಪೇರಿ? ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಬಿಡಿಭಾಗ ಇಟ್ಟಿರುವ ಸರ್ವೀಸ್ ಸೆಂಟರಿನ ವಿಳಾಸ ಬರೆಸಿಕೊಂಡೇ ಹಣ ಕೊಟ್ಟೆ.

ಅಂಗಡಿಯಲ್ಲೇ ಓಡಿಸಿ ನೋಡಲು ಬಿಟ್ಟರು. ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಒಯ್ದಿದ್ದೆ. ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎ.ಸಿ. ಮಾತ್ರ ಅಳೆಯುತ್ತದೆ, ಇಲ್ಲಿ ಅದು ನಡೆಯುವುದಿಲ್ಲ. ಮಷೀನು 80 ತೋರಿಸುವಾಗ ಮೀಟರಿನಲ್ಲಿ 76 ಬಂತು. ಒಪ್ಪಬಹುದಾದ ವ್ಯತ್ಯಾಸ.

ಜೊತೆಗೆ ಕೊಡುವ ಕೇಬಲ್ ಮಾತ್ರ ಗಿಡ್ಡ. ಅದರ ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪನ. ನಾನು ಹೋಲ್ಡರಿಗೆ 5 ಮೀಟರ್, ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥಿಗೆ 3 ಮೀಟರ್, 16 ಚದರ ಮಿ.ಮೀ. ತಾಮ್ರದ ಕೇಬಲ್ ಬೇರೆ ತಗೊಂಡೆ. ಹೆಲ್ಮೆಟ್ ತಾನೇ ಕಪ್ಪಾಗುವ ಗಾಜಿನದು, ಇ.ಎನ್. 379 ಗುರುತು ಇರುವಂಥದ್ದು. ಗಾಜಿನ ಕಪ್ಪನ್ನು 10ನೇ ನಂಬರಿನಲ್ಲಿ ಇಡುತ್ತೇನೆ. ಗ್ರಿಲ್ ಅಂಗಡಿಯಲ್ಲಿ ಹುಡುಗರು ಬರಿಗಣ್ಣಲ್ಲಿ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ. ರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಉರಿಯುವುದು ಅದರಿಂದಲೇ, ಕಣ್ಣಿನ ಮೇಲ್ಪದರ ಸುಟ್ಟಿರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಇದೇ ಆಗುತ್ತದೆ.

ಮೇಜು

ವೆಲ್ಡಿಂಗ್ ಕಲಿಯಲು ಮೇಜಿಗಿಂತ ಒಳ್ಳೆಯ ಮೊದಲ ಕೆಲಸ ಇಲ್ಲ ಅಂತ ನನ್ನ ಅನಿಸಿಕೆ. ಎಲ್ಲ ಬಗೆಯ ಜಾಯಿಂಟ್ ಇದರಲ್ಲಿ ಬರುತ್ತದೆ, ಮುಂದಿನ ಕೆಲಸಕ್ಕೆಲ್ಲ ಇದೇ ಆಧಾರ. ಮೇಲ್ಭಾಗಕ್ಕೆ 4 ಅಡಿಗೆ 2 ಅಡಿ, 5 ಮಿ.ಮೀ. ಪ್ಲೇಟು. ಅದೊಂದೇ 29 ಕೆ.ಜಿ. ಕಾಲು, ಫ್ರೇಮಿಗೆ ಒಂದೂವರೆ ಇಂಚಿನ 14 ಗೇಜ್ ಚೌಕ ಪೈಪು. 20 ಅಡಿಯ ಎರಡು ಪೈಪು ಸಾಕು, ಎರಡನೆಯದರಲ್ಲಿ ಎರಡೂವರೆ ಮೀಟರಿಗಿಂತ ಜಾಸ್ತಿ ಉಳಿಯುತ್ತದೆ.

ಕಟ್ಟಿಂಗ್ ಅಳತೆ ಹೀಗೆ: 1,120 ಮಿ.ಮೀ.ನ ಎರಡು, 820ರ ನಾಲ್ಕು ಕಾಲು, 434ರ ಆರು, 1,044ರ ಒಂದು. 434ರ ತುಂಡುಗಳಲ್ಲಿ ಎರಡು ಮೇಲಿನ ಚೌಕಟ್ಟಿನ ಎರಡು ತುದಿಗೆ, ಎರಡು ಪ್ಲೇಟಿನ ನಡುವೆ ಆಸರೆಗೆ, ಎರಡು ಕಾಲುಗಳ ಕೆಳಗೆ ಅಡ್ಡಪಟ್ಟಿಗೆ. 1,044ರದು ಆ ಎರಡು ಅಡ್ಡಪಟ್ಟಿಗಳನ್ನು ನಡುವೆ ಸೇರಿಸುವುದಕ್ಕೆ. ಎತ್ತರ 34 ಇಂಚು ಬರುತ್ತದೆ. ಫ್ರೇಮು ಪ್ಲೇಟಿಗಿಂತ ಎಲ್ಲ ಕಡೆ ಎರಡಿಂಚು ಒಳಗಿರುತ್ತದೆ. ಆ ಅಂಚಿಗೆ ಕ್ಲ್ಯಾಂಪ್ ಹಾಕಬಹುದು.

4 ಇಂಚಿನ ಗ್ರೈಂಡರಿನಿಂದ ಕತ್ತರಿಸಿ, ತುದಿಯಿಂದ ಒಂದಿಂಚು ತುಕ್ಕು, ಎಣ್ಣೆ ತೆಗೆದೆ. ಕಪ್ಪು ಪೈಪೇ ತಂದಿದ್ದೆ. ಜಿ.ಐ. ಪೈಪಿನ ಸತುವು ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಜಿ.ಐ. ಬೆಸೆಯಲೇಬೇಕಾದರೆ ಆ ಜಾಗದ ಸತುವನ್ನು ಪೂರ್ತಿ ಉಜ್ಜಿ ತೆಗೆದು, ಗಾಳಿ ಆಡುವ ಕಡೆ ಮಾಡಬೇಕು.

ರಾಡು ಇ6013, 2.5 ಮಿ.ಮೀ. ಸುಲಭವಾಗಿ ಹತ್ತುತ್ತದೆ, ಸ್ಲ್ಯಾಗ್, ಅಂದರೆ ಬೆಸುಗೆಯ ಮೇಲಿನ ಕಿಟ್ಟ, ತಾನಾಗಿ ಬಿಡುತ್ತದೆ. ಅಂಗಡಿಯವರು ಇ7018 ಗಟ್ಟಿ ಅಂತ ಹೇಳಬಹುದು. ಗಟ್ಟಿ ಹೌದು, ಆದರೆ ಬಳಸುವ ಮುಂಚೆ ಅದನ್ನು 300 ಡಿಗ್ರಿಗಿಂತ ಮೇಲೆ ಕಾಯಿಸಿ ಒಣಗಿಸಬೇಕು. ಮನೆಯಲ್ಲಿ ಅಂಥ ಓವನ್ ಎಲ್ಲಿದೆ?

ಪೈಪಿಗೆ 70 ಆಂಪ್ ಇಟ್ಟೆ. ಡಿ.ಸಿ. ಮಷೀನಿನಲ್ಲಿ ಹೋಲ್ಡರನ್ನು ಪ್ಲಸ್ಸಿಗೂ ಹಾಕಬಹುದು, ಮೈನಸ್ಸಿಗೂ ಹಾಕಬಹುದು. 6013 ಎರಡರಲ್ಲೂ ಉರಿಯುತ್ತದೆ. ತೆಳು ಪೈಪಿಗೆ ಹೋಲ್ಡರ್ ಮೈನಸ್ಸಿನಲ್ಲಿ ಇದ್ದರೆ ಬೆಸುಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ತೂತು ಬೀಳುವುದು ಕಡಿಮೆ. ಪ್ಲೇಟಿಗೆ ಬಂದಾಗ ಪ್ಲಸ್ಸಿಗೆ ಬದಲಿಸಿ 85ಕ್ಕೆ ಏರಿಸಿದೆ. ಹಳೇ ಎ.ಸಿ. ಮಷೀನಿನಲ್ಲಿ ಈ ಅನುಕೂಲ ಇಲ್ಲ.

ಮೇಲಿನ ಚೌಕಟ್ಟನ್ನು ಸಮತಟ್ಟಾದ ನೆಲದ ಮೇಲೆ ಜೋಡಿಸಿ, ಒಂದೊಂದು ಮೂಲೆಗೆ ಒಂದೊಂದೇ ಟ್ಯಾಕ್ ಹಾಕಿದೆ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆ. ಎರಡೂ ಕಡೆ 1,230 ಮಿ.ಮೀ. ಬರಬೇಕು. ಒಂದು ಕಡೆ ಮೂರು ಮಿ.ಮೀ. ಜಾಸ್ತಿ ಇತ್ತು. ಉದ್ದ ಇರುವ ಮೂಲೆಗೆ ಮರದ ಸುತ್ತಿಗೆಯಿಂದ ತಟ್ಟಿದರೆ ಸರಿಹೋಗುತ್ತದೆ. ಟ್ಯಾಕ್ ಒಂದೇ ಇರುವಾಗ ಮಾತ್ರ ಇದು ಸಾಧ್ಯ. ಬೆಸುಗೆ ಆರುವಾಗ ಕಬ್ಬಿಣವನ್ನು ತನ್ನ ಕಡೆಗೆ ಎಳೆಯುತ್ತದೆ. ಹಾಗಾಗಿ ಒಂದು ಮೂಲೆ ಮುಗಿಸಿದ ಮೇಲೆ ಅದರ ಎದುರು ಮೂಲೆಗೆ ಹೋಗಬೇಕು, ಪಕ್ಕದ ಮೂಲೆಗಲ್ಲ.

ಕಾಲುಗಳನ್ನು ನಿಲ್ಲಿಸಲು ಚೌಕಟ್ಟನ್ನು ಬೋರಲು ಹಾಕಿದೆ. ಮೂಲೆಮಟ್ಟ ಹಿಡಿದು ಎರಡು ದಿಕ್ಕಿನಲ್ಲೂ ನೋಡಿ ಟ್ಯಾಕ್ ಹಾಕಿದೆ. ಅಡ್ಡಪಟ್ಟಿಗಳು ಸೇರಿದ ಮೇಲೆ ಇಡೀ ಫ್ರೇಮನ್ನು ಹೊರಳಿಸಿ ಹೊರಳಿಸಿ, ಪ್ರತಿ ಜಾಯಿಂಟನ್ನೂ ಮೇಲ್ಮುಖ ಮಾಡಿಕೊಂಡು ಬೆಸೆದೆ. ನಿಂತ ಜಾಯಿಂಟನ್ನು ಬೆಸೆಯುವ ಕಲೆ ಬೇರೆಯೇ, ಅದನ್ನು ಚೂರು ಪೈಪಿನ ಮೇಲೆ ಕಲಿಯುವುದು ಮೇಲು. ಒಂದು ಸಣ್ಣ ವಿಷಯ. ಪೈಪಿನ ಎರಡೂ ತುದಿ ಮುಚ್ಚಿಹೋಗುವ ಹಾಗಿದ್ದರೆ ಕಾಣದ ಕಡೆ ಒಂದು 3 ಮಿ.ಮೀ. ತೂತು ಕೊರೆಯಿರಿ. ಇಲ್ಲದಿದ್ದರೆ ಒಳಗಿನ ಬಿಸಿಗಾಳಿ ಕೊನೆಯ ಬೆಸುಗೆಯನ್ನು ಒಡೆದುಕೊಂಡು ಬರುತ್ತದೆ.

ಬೆಸೆಯುತ್ತಿರುವಾಗ ಗೋಡೆಯ ಕಡೆಯ ಕರೆಂಟನ್ನೂ ಅಳೆದೆ. 70 ಆಂಪ್ ಇಟ್ಟಾಗ 11.5ರಿಂದ 12. ಮೊದಲು ಕಾಗದದ ಮೇಲೆ ಬಂದಿದ್ದು 11.7. ವೋಲ್ಟ್ 226ರಿಂದ 221ಕ್ಕೆ ಇಳಿಯಿತು. ಒಳಗೆ ಮನೆಯ ಫ್ಯಾನು, ಲೈಟು ಎಲ್ಲ ಮಾಮೂಲಿಯಾಗಿಯೇ ಇದ್ದವು.

ಪ್ಲೇಟನ್ನು ಉದ್ದಕ್ಕೂ ಬೆಸೆದರೆ ಹಪ್ಪಳದಂತೆ ಡೊಂಕಾಗುತ್ತದೆ. ಕೆಳಗಿನಿಂದ ಒಂದೊಂದಿಂಚಿನ ಬೆಸುಗೆ ಮಾತ್ರ ಹಾಕಬೇಕು. ಒಂದು ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ, ಮತ್ತೊಂದು ನಡುವೆ. ನಡುನಡುವೆ ಕೈಯಿಡಲು ಆಗುವಷ್ಟು ಆರಲು ಬಿಡಬೇಕು. ಕೊನೆಗೆ ಉದ್ದದ ಪಟ್ಟಿ ಅಡ್ಡ ಇಟ್ಟು ನೋಡಿದಾಗ ಬೆಳಕು ನುಸುಳುವಷ್ಟೂ ಸಂದು ಇರಲಿಲ್ಲ. ಕಾಲಿಗೆ, ಫ್ರೇಮಿಗೆ ರೆಡ್ ಆಕ್ಸೈಡ್ ಹೊಡೆದೆ. ಮೇಲಿನ ಪ್ಲೇಟಿಗೆ ಬಣ್ಣ ಬೇಡ, ಅರ್ಥ್ ಕ್ಲ್ಯಾಂಪ್ ಅಲ್ಲೇ ಕಚ್ಚಬೇಕಲ್ಲ. ಪೂರ್ತಿ ಮೇಜು ಸುಮಾರು 50 ಕೆ.ಜಿ. ಇಬ್ಬರು ಎತ್ತಿದರೆ ಸರಿಯುತ್ತದೆ, ಗ್ರೈಂಡರಿನ ಅದುರಿಗೆ ಜರುಗುವುದಿಲ್ಲ.

ಕರೆಂಟ್ ಬಿಲ್ಲಿನ ಚಿಂತೆ ಮನೆಯವರಿಗೆ ಇತ್ತು. ಗೃಹಜ್ಯೋತಿ ಬಂದ ಮೇಲೆ ಎಲ್ಲರ ಕಣ್ಣೂ ಯೂನಿಟ್ ಮೇಲೆಯೇ. ಲೆಕ್ಕ ಹೇಳಿದರೆ ಸಮಾಧಾನವಾಗುತ್ತದೆ. 80 ಆಂಪ್‌ನಲ್ಲಿ ಕಿಡಿ ಉರಿಯುವಾಗ ಮಾತ್ರ 2.2 ಕಿಲೋವ್ಯಾಟ್ ಖರ್ಚು. ಒಂದು 12 ನಂಬರ್ ರಾಡು ಉರಿಯುವುದು ಸುಮಾರು ಒಂದು ನಿಮಿಷ. ಮೂವತ್ತು ರಾಡು ಸುಟ್ಟರೆ ಒಂದು ಯೂನಿಟ್ಟು ಚಿಲ್ಲರೆ. ತೊಂದರೆ ಬರುವುದು ಯೂನಿಟ್ಟಿನಲ್ಲಲ್ಲ, ಒಂದೇ ಸಲಕ್ಕೆ ಎಳೆಯುವ ಭಾರದಲ್ಲಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ನಾವು ಗೀಸರ್, ಮಿಕ್ಸಿ ಓಡುವ ಹೊತ್ತಿನಲ್ಲಿ ವೆಲ್ಡಿಂಗ್ ಮಾಡುವುದಿಲ್ಲ.

ಇನ್ವರ್ಟರಿಗೆ ದೊಡ್ಡ ಶತ್ರು ಅಂದರೆ ಗ್ರೈಂಡರಿನ ಕಬ್ಬಿಣದ ಪುಡಿ. ಫ್ಯಾನು ಅದನ್ನು ಒಳಕ್ಕೆ ಎಳೆಯುತ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್. ಹಾಗಾಗಿ ಮಷೀನನ್ನು ಮೇಜಿನ ಕೆಳಗೆ ಇಡದೆ, ಎದುರು ಗೋಡೆಗೆ ಸೊಂಟದ ಎತ್ತರದಲ್ಲಿ ಒಂದು ಸ್ಟ್ಯಾಂಡ್ ಮಾಡಿ ಇಟ್ಟಿದ್ದೇನೆ. ಐದು ಮೀಟರ್ ಹೋಲ್ಡರ್ ಕೇಬಲ್ ತಗೊಂಡದ್ದು ಅದಕ್ಕೇ. ಅರ್ಥಿನದು ಮೂರೇ ಮೀಟರ್ ಆದ್ದರಿಂದ ಸ್ಟ್ಯಾಂಡ್ ಮೇಜಿನಿಂದ ಅಷ್ಟರೊಳಗೇ ಇದೆ. ಕೆಲಸ ಮುಗಿದ ಮೇಲೆ ಫ್ಯಾನು ಎರಡು ಮೂರು ನಿಮಿಷ ಓಡಲು ಬಿಟ್ಟು ಆಫ್ ಮಾಡುತ್ತೇನೆ. ಪೂರ್ತಿ ಆರಿದ ಮೇಲೆ ಬಟ್ಟೆ ಮುಚ್ಚುತ್ತೇನೆ, ಹಲ್ಲಿ ಒಳಗೆ ಹೋಗದಿರಲಿ ಅಂತ. ಆಗಾಗ ಪ್ಲಗ್ ತೆಗೆದು ಬ್ಲೋವರಿನಿಂದ ಕಿಂಡಿಗಳ ಧೂಳು ಊದುತ್ತೇನೆ. ತೆಂಗಿನ ನಾರು, ಮಟ್ಟೆ ಯಾವುದೂ ಶೆಡ್ಡಿನ ಆ ಬದಿಯಲ್ಲಿ ಇಲ್ಲ. ಮರಳಿನ ಬಕೆಟ್ಟು ಇದೆ. ರಾಡಿನ ಕಟ್ಟನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ತೇವ ಹಿಡಿದ 6013 ರಾಡು ಚಟಚಟ ಸಿಡಿಯುತ್ತದೆ. ಹಾಗಾದರೆ ಅದನ್ನು 100 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಬಿಸಿ ಮಾಡಿದರೆ ಮತ್ತೆ ಸರಿಯಾಗಿ ಉರಿಯುತ್ತದೆ.